ಕೀ ಕೊಡುವ ಗ್ರಾಮಫೋನಿಗೆ ಮನೆಯಲ್ಲೇ ಸೌಂಡ್‌ಬಾಕ್ಸ್: ಒಳಗೆ ನಡೆಯುವುದೇನು, ಕಟ್ಟುವುದು ಹೇಗೆ

ಕೀ ಕೊಟ್ಟು ನಡೆಸುವ ಗ್ರಾಮಫೋನಿಗೆ ಕರೆಂಟು ಬೇಡ, ಸ್ಪೀಕರ್ ಬೇಡ, ಆಂಪ್ಲಿಫೈಯರ್ ಬೇಡ. ಆದರೂ ನಡುಮನೆಯಲ್ಲಿ ಇಟ್ಟರೆ ಪಡಸಾಲೆಯಲ್ಲಿ ಕೂತವರಿಗೂ ಹಾಡು ಕೇಳುತ್ತದೆ. ನೋಡಿದವರೆಲ್ಲ ಹಾರ್ನಿನ ಕಡೆಗೇ ಬೆರಳು ತೋರಿಸುತ್ತಾರೆ. ಹಾಡು ಹುಟ್ಟುವುದು ಮಾತ್ರ ಇನ್ನೊಂದು ತುದಿಯಲ್ಲಿ, ಮುಳ್ಳು ಸಿಕ್ಕಿಸುವ ಆ ದುಂಡು ಡಬ್ಬಿಯಲ್ಲಿ. ಅದೇ ಸೌಂಡ್‌ಬಾಕ್ಸ್. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು.

ಹಳೆಯ ಯಂತ್ರಗಳಲ್ಲಿ ಮೊದಲು ಕೈಕೊಡುವುದೂ ಇದೇ. ಮೋಟರನ್ನು ಬಿಚ್ಚಿ ಒರೆಸಿ, ಎಣ್ಣೆ ಗ್ರೀಸು ಹಾಕಿದರೆ ಎಂಬತ್ತು ತೊಂಬತ್ತು ವರ್ಷದ ಸ್ಪ್ರಿಂಗು ಕೂಡ ಎಷ್ಟೋ ಸಲ ಮತ್ತೆ ತಿರುಗುತ್ತದೆ. ಸೌಂಡ್‌ಬಾಕ್ಸಿನ ಕತೆ ಬೇರೆ. ಒಳಗಿನ ರಬ್ಬರ್ ಒಣಗಿ ಗಡುಸಾಗಿರುತ್ತದೆ. ಡಯಾಫ್ರಮ್, ಅಂದರೆ ಅದುರಿ ಸದ್ದು ಹುಟ್ಟಿಸುವ ತೆಳು ಹಾಳೆ, ಸೀಳಿರುತ್ತದೆ. ಮೈ ಸತುವಿನ ಅಗ್ಗದ ಎರಕದ್ದಾಗಿದ್ದರೆ ಅದು ಕಾಲ ಕಳೆದಂತೆ ಉಬ್ಬಿ, ಬಿರುಕು ಬಿಟ್ಟು, ಮುಟ್ಟಿದರೆ ಉದುರುತ್ತದೆ. ಇನ್ನು ಹಳೇ ಸಾಮಾನಿನ ಬಜಾರುಗಳಲ್ಲಿ ಹೊಳೆಯುವ ಹಿತ್ತಾಳೆ ಹಾರ್ನಿನ ಹೊಸ ಗ್ರಾಮಫೋನುಗಳು ಸಿಗುತ್ತವಲ್ಲ, ಅವುಗಳ ಬಹುಪಾಲು ಸೌಂಡ್‌ಬಾಕ್ಸುಗಳು ನೋಡೋಕೆ ಮಾತ್ರ ಚೆಂದ. ಕೀಲು ಗಡಗಡ ಅನ್ನುತ್ತದೆ, ಗಾಳಿ ಸೋರುತ್ತದೆ, ಪ್ಲೇಟನ್ನು ಕೆರೆದು ಹಾಕುತ್ತದೆ. ಅಂಥದ್ದರ ಮೇಲೆ ಹಳೆಯ ಪ್ಲೇಟು ಇಡಬೇಡಿ ಅಂತ ಕೈಮುಗಿದು ಕೇಳುತ್ತೇನೆ.

ಒಳ್ಳೆಯ ಸುದ್ದಿ ಏನೆಂದರೆ, ಸೌಂಡ್‌ಬಾಕ್ಸನ್ನು ಮನೆಯಲ್ಲೇ ಕಟ್ಟಬಹುದು. ಲೇತ್ ಇರುವವರೊಬ್ಬರ ಸಹಾಯ, ಸೈಕಲ್ ಶಾಪಿನಿಂದ ಎರಡು ಸಾಮಾನು, ಇಸ್ತ್ರಿ ಪೆಟ್ಟಿಗೆ ರಿಪೇರಿ ಮಾಡುವವರಿಂದ ಒಂದು ಹಾಳೆ, ಸ್ವಲ್ಪ ಜೇನುಮೇಣ ಇದ್ದರೆ ಸಾಕು. ಆದರೆ ಕೈ ಹಾಕುವ ಮೊದಲು ಅದರ ಕೆಲಸ ಏನು ಅಂತ ತಿಳಿಯಬೇಕು. ಇಲ್ಲದಿದ್ದರೆ ಎಲ್ಲವನ್ನೂ ಗಟ್ಟಿಯಾಗಿ ಬಿಗಿದು ಕೂರಿಸಿಬಿಡುತ್ತೇವೆ, ಹಾಡು ಅಲ್ಲೇ ಸತ್ತುಹೋಗುತ್ತದೆ.

ಗೀರಿನಿಂದ ಗಾಳಿಯವರೆಗೆ

78 ರ, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಪ್ಲೇಟಿನ ಮೇಲಿರುವ ಗೀರು ಸುಮಾರು 0.15 ಮಿಲಿಮೀಟರ್ ಅಗಲ. ಅದು ನೇರವಾಗಿ ಸುತ್ತುವುದಿಲ್ಲ, ಎಡಕ್ಕೂ ಬಲಕ್ಕೂ ತೊನೆಯುತ್ತ ಹೋಗುತ್ತದೆ. ಆ ತೊನೆತವೇ ಹಾಡು. ಜೋರಾದ ಜಾಗದಲ್ಲೂ ಗೀರು ಪಕ್ಕಕ್ಕೆ ಸರಿಯುವುದು ಒಂದು ಮಿಲಿಮೀಟರಿನ ನೂರರಲ್ಲಿ ಕೆಲವೇ ಭಾಗದಷ್ಟು. ಬರಿಗಣ್ಣಿಗೆ ಅದು ಕಾಣುವಂಥದ್ದಲ್ಲ. ಮುಳ್ಳಿನ ತುದಿ ಮಾತ್ರ ಅಷ್ಟನ್ನೂ ಬಿಡದೆ ಹಿಂಬಾಲಿಸಬೇಕು, ಅದೂ ಸೆಕೆಂಡಿಗೆ ನೂರಾರು, ಸಾವಿರಾರು ಸಲ.

ಪಕ್ಕಕ್ಕೆ ತೊನೆಯುವ ಗೀರು ಎಮಿಲ್ ಬರ್ಲಿನರ್ ಅವರ ದಾರಿ. ಅವರು 1887 ರಲ್ಲಿ ಗ್ರಾಮಫೋನಿಗೆ ಪೇಟೆಂಟ್ ಕೇಳಿದರು. ಅದಕ್ಕೂ ಹತ್ತು ವರ್ಷ ಮೊದಲು ಎಡಿಸನ್ ಮಾಡಿದ ಫೋನೋಗ್ರಾಫಿನಲ್ಲಿ ಗೀರಿನ ಆಳವೇ ಹೆಚ್ಚು ಕಡಿಮೆ ಆಗುತ್ತಿತ್ತು, ಮುಳ್ಳು ಮೇಲೆ ಕೆಳಗೆ ಆಡುತ್ತಿತ್ತು. ಅದಕ್ಕೇ ಎಡಿಸನ್ ಯಂತ್ರದ ಡಯಾಫ್ರಮ್ ಗೀರಿನ ಮೇಲೆ ಅಡ್ಡಡ್ಡ ಮಲಗಿರುತ್ತದೆ, ನಮ್ಮ 78 ರ ಗ್ರಾಮಫೋನಿನಲ್ಲಿ ನೆಟ್ಟಗೆ ನಿಂತಿರುತ್ತದೆ. ಒಂದರದ್ದನ್ನು ಇನ್ನೊಂದಕ್ಕೆ ಸುಮ್ನೆ ಬದಲಾಯಿಸೋಕೆ ಆಗುವುದಿಲ್ಲ.

ಮುಳ್ಳು ಕೂರುವುದು ಒಂದು ಪುಟ್ಟ ಸನ್ನೆಯ ಕೆಳತುದಿಯಲ್ಲಿ. ಈ ಸನ್ನೆ ಏತದ ಮರದ ಹಾಗೆ ನಡುವೆ ಕೀಲಿನ ಮೇಲೆ ಆಡುತ್ತದೆ. ಕೆಳತುದಿ ಎಡಕ್ಕೆ ಹೋದರೆ ಮೇಲಿನ ತುದಿ ಬಲಕ್ಕೆ. ಮೇಲಿನ ತುದಿ ಡಯಾಫ್ರಮ್ಮಿನ ನಟ್ಟನಡುವಿಗೆ ಅಂಟಿರುತ್ತದೆ. ಮುಳ್ಳು ಅಲುಗಿದಂತೆ ಡಯಾಫ್ರಮ್ ಒಳಗೆ ಹೊರಗೆ ಆಡುತ್ತದೆ, ಅದರ ಹಿಂದಿರುವ ಗಾಳಿಯನ್ನು ತಳ್ಳುತ್ತದೆ, ಎಳೆಯುತ್ತದೆ. ಆ ಗಾಳಿ ಹಿಂದಿನ ತೂತಿನಿಂದ ಟೋನ್‌ಆರ್ಮಿಗೆ, ಅಂದರೆ ಸೌಂಡ್‌ಬಾಕ್ಸನ್ನು ಹಿಡಿದಿರುವ ಟೊಳ್ಳು ತೋಳಿಗೆ, ಅಲ್ಲಿಂದ ಹಾರ್ನಿಗೆ ಹೋಗುತ್ತದೆ.

ಇಲ್ಲಿ ಒಂದು ವಿಷಯ ಸರಿಯಾಗಿ ಮನಸ್ಸಿಗೆ ಹೋಗಬೇಕು. ಈ ದಾರಿಯಲ್ಲಿ ಎಲ್ಲೂ ಹೊಸ ಶಕ್ತಿ ಸೇರುವುದಿಲ್ಲ. ಹಾರ್ನು ಕೂಡ ಶಕ್ತಿ ಕೊಡುವುದಿಲ್ಲ. ಅಷ್ಟು ಚಿಕ್ಕ ಡಯಾಫ್ರಮ್ಮಿಗೆ ಬಯಲಿನ ಗಾಳಿಯ ಮೇಲೆ ಹಿಡಿತ ಸಿಗುವುದಿಲ್ಲ, ಹಾರ್ನು ಆ ಹಿಡಿತವನ್ನು ಒದಗಿಸುತ್ತದೆ, ಅಷ್ಟೆ. ಕೇಳುವ ಪ್ರತಿಯೊಂದು ಸ್ವರದ ಶಕ್ತಿಯೂ ಕೀ ತಿರುಗಿಸಿದ ನಿಮ್ಮ ತೋಳಿನದ್ದು. ತೋಳಿನಿಂದ ಸ್ಪ್ರಿಂಗಿಗೆ, ಸ್ಪ್ರಿಂಗಿನಿಂದ ಪ್ಲೇಟಿಗೆ, ಪ್ಲೇಟಿನ ಗೀರಿನಿಂದ ಮುಳ್ಳಿಗೆ. 10 ಇಂಚಿನ ಪ್ಲೇಟಿನ ಹೊರಗಿನ ಗೀರು ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು ಒಂದು ಮೀಟರ್ ವೇಗದಲ್ಲಿ ಓಡುತ್ತದೆ. ಓಡುವ ಆ ಗೀರೇ ಇಡೀ ಯಂತ್ರವನ್ನು ಅಲ್ಲಾಡಿಸಬೇಕು. ಸನ್ನೆ ಭಾರವಾದರೆ, ಕೀಲು ಹಿಡಿದುಕೊಂಡರೆ, ಡಯಾಫ್ರಮ್ ಬಿಗಿದುಕೊಂಡರೆ ಅದರ ಹೊರೆ ಬೀಳುವುದು ಗೀರಿನ ಗೋಡೆಯ ಮೇಲೆ. ಕೆಟ್ಟ ಸೌಂಡ್‌ಬಾಕ್ಸು ಪ್ಲೇಟನ್ನು ತಿನ್ನುವುದು ಹೀಗೆ.

ಹಾಗಾಗಿ ಸೌಂಡ್‌ಬಾಕ್ಸಿನ ಗುಣ ನಿಂತಿರುವುದು ಮೂರು ವಿಷಯದ ಮೇಲೆ. ಆಡುವ ಭಾಗ ಹಗುರವಾಗಿ, ಬಿಡುವಾಗಿ ಆಡಬೇಕು. ಆದರೆ ಒಂದು ಕೂದಲೆಳೆಯಷ್ಟೂ ಸಡಿಲ ಇರಬಾರದು, ಯಾಕೆಂದರೆ ಮುಳ್ಳಿನ ಚಲನೆಯೇ ಕೂದಲೆಳೆಗಿಂತ ಕಡಿಮೆ. ಮತ್ತೆ ಡಯಾಫ್ರಮ್ಮಿನ ಹಿಂದಿನ ಗಾಳಿ ಎಲ್ಲೂ ಸೋರಬಾರದು. ಮುಂದೆ ಹೇಳುವ ಪ್ರತಿಯೊಂದು ಕೆಲಸವೂ ಈ ಮೂರರಲ್ಲಿ ಒಂದಕ್ಕಾಗಿಯೇ.

ಅಭ್ರಕವೋ ಅಲ್ಯುಮಿನಿಯಮ್ಮೋ

ಹಳೆಯ ಸೌಂಡ್‌ಬಾಕ್ಸುಗಳ ಡಯಾಫ್ರಮ್ ಅಭ್ರಕದ್ದು, ಅಂದರೆ ನಮ್ಮ ಹಳ್ಳಿಗಳಲ್ಲಿ ಕಾಗೆಬಂಗಾರ ಅನ್ನುವ ವಸ್ತು. ವಿಕ್ಟರ್ ಕಂಪನಿಯ ಎಕ್ಸಿಬಿಷನ್ ಸೌಂಡ್‌ಬಾಕ್ಸು, ಎಚ್‌ಎಂವಿ 101 ಪೆಟ್ಟಿಗೆಯಲ್ಲಿ ಬರುತ್ತಿದ್ದ ನಂಬರ್ 4, ಎಲ್ಲದರಲ್ಲೂ ಅಭ್ರಕವೇ. ಪ್ಲೇಟು ಮಾಡುವ ಅರಗು, ಡಯಾಫ್ರಮ್ಮಿನ ಅಭ್ರಕ, ಎರಡನ್ನೂ ಆ ಕಾಲಕ್ಕೆ ಜಗತ್ತಿಗೆ ಹೆಚ್ಚಾಗಿ ಕಳಿಸುತ್ತಿದ್ದದ್ದು ಭಾರತ. ಈಗಿನ ಜಾರ್ಖಂಡಿನ ಕೋಡರ್ಮಾ, ಆಂಧ್ರದ ನೆಲ್ಲೂರು ಕಡೆಯ ಗಣಿಗಳು ಅಭ್ರಕಕ್ಕೆ ಹೆಸರಾಗಿದ್ದವು.

1925 ರ ಹೊತ್ತಿಗೆ ಮೈಕ್ ಇಟ್ಟು ಧ್ವನಿ ಮುದ್ರಿಸುವುದು ಶುರುವಾಯಿತು. ಅದಕ್ಕೆ ಮುಂಚೆ ಹಾಡುವವರು ಒಂದು ಹಾರ್ನಿನೊಳಗೆ ಹಾಡಬೇಕಿತ್ತು, ತೀರಾ ತಗ್ಗಿನ, ತೀರಾ ಮೇಲಿನ ಸ್ವರಗಳು ಪ್ಲೇಟಿಗೆ ಇಳಿಯುತ್ತಲೇ ಇರಲಿಲ್ಲ. ಮೈಕಿನಿಂದ ಅವೆಲ್ಲ ಇಳಿಯತೊಡಗಿದವು. ಆದರೆ ಹಳೆಯ ಸೌಂಡ್‌ಬಾಕ್ಸು ಅವನ್ನು ಹೊರಗೆ ತೆಗೆಯಲಾರದೆ ಹೋಯಿತು. ಆಗ ಅಮೆರಿಕದಲ್ಲಿ ಜೋಸೆಫ್ ಮ್ಯಾಕ್ಸ್‌ಫೀಲ್ಡ್, ಹೆನ್ರಿ ಹ್ಯಾರಿಸನ್ ಎಂಬ ಇಬ್ಬರು ಎಂಜಿನಿಯರುಗಳು ಒಂದು ಸೊಗಸಾದ ಕೆಲಸ ಮಾಡಿದರು. ಟೆಲಿಫೋನ್ ತಂತಿಯಲ್ಲಿ ಕರೆಂಟು ಹೇಗೆ ಹರಿಯುತ್ತದೆ ಎಂಬ ಲೆಕ್ಕವನ್ನೇ ಮುಳ್ಳು, ಸನ್ನೆ, ಡಯಾಫ್ರಮ್, ಹಾರ್ನುಗಳಿಗೆ ಹಚ್ಚಿದರು. ತೂಕ ಇರುವ ಭಾಗ ಮೇಲಿನ ಸ್ವರಗಳನ್ನು ತಡೆಯುತ್ತದೆ, ಬಿಗಿ ಇರುವ ಭಾಗ ತಗ್ಗಿನ ಸ್ವರಗಳನ್ನು ತಡೆಯುತ್ತದೆ. ಒಂದಕ್ಕೊಂದು ಹೊಂದಿಸಿದರೆ ಶಕ್ತಿ ವಾಪಸ್ ಚಿಮ್ಮದೆ ಮುಂದಕ್ಕೆ ಹರಿಯುತ್ತದೆ. ಈ ಲೆಕ್ಕದಿಂದ ಬಂದ, ವಿಕ್ಟರ್ ಕಂಪನಿಯ ಆರ್ಥೋಫೋನಿಕ್ ವಿಕ್ಟ್ರೋಲಾ ಎಂಬ ಗ್ರಾಮಫೋನಿನಲ್ಲಿ ಡಯಾಫ್ರಮ್ ಅಲ್ಯುಮಿನಿಯಮ್ ಮಿಶ್ರಲೋಹದ್ದು. ದಪ್ಪ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ನಡುಭಾಗ ಗುಮ್ಮಟದ ಆಕಾರಕ್ಕೆ ಒತ್ತಿದ್ದು, ಅಂಚು ಸುಕ್ಕುಸುಕ್ಕು. ಎಚ್‌ಎಂವಿಯ 5ಎ, 5ಬಿ ಸೌಂಡ್‌ಬಾಕ್ಸುಗಳು ಇದೇ ಜಾತಿಯವು.

ಮನೆಯಲ್ಲಿ ಮಾಡುವವರಿಗೆ ನನ್ನ ಸಲಹೆ ಅಭ್ರಕವೇ. ಅಲ್ಯುಮಿನಿಯಮ್ ಡಯಾಫ್ರಮ್ ಚೆನ್ನಾಗಿ ಹಾಡಬೇಕಾದರೆ ಆ ಗುಮ್ಮಟ, ಆ ಸುಕ್ಕು ಕರಾರುವಾಕ್ಕಾಗಿ ಬರಬೇಕು. ಅದಕ್ಕೆ ಅಚ್ಚು ಬೇಕು. ಚಪ್ಪಟೆ ಅಲ್ಯುಮಿನಿಯಮ್ ತಗಡು ಹಾಕಿದರೆ ಡಬ್ಬ ಬಡಿದ ಸದ್ದು ಬರುತ್ತದೆ. ಅಭ್ರಕ ಚಪ್ಪಟೆಯಾಗಿದ್ದೂ ಬಿರುಸು, ಬಿರುಸಾಗಿದ್ದೂ ಹಗುರ. 78 ರ ಹಾಡಿಗೆ, ಅದರಲ್ಲೂ ಗಂಟಲಿಗೆ, ಅದು ಕೊಡುವ ಸದ್ದು ನನಗಂತೂ ತುಂಬ ಇಷ್ಟ.

ಅಭ್ರಕ ಬಿಡಿಸುವುದು

ಇಸ್ತ್ರಿ ಪೆಟ್ಟಿಗೆಯ ಎಲಿಮೆಂಟಿನ ಜೊತೆ ಹಾಕುವ ಅಭ್ರಕದ ಹಾಳೆ ರಿಪೇರಿ ಅಂಗಡಿಗಳಲ್ಲಿ ಸಿಗುತ್ತದೆ. ಕೇಳುವಾಗ ನೋಡಿಕೊಳ್ಳಿ. ಪುಡಿಯನ್ನು ಅಂಟು ಹಾಕಿ ಒತ್ತಿದ ಮಸುಕು ಹಾಳೆ ಬೇಡ. ಬೆಳಕಿಗೆ ಹಿಡಿದರೆ ಆಚೆ ಕಡೆ ಕಾಣುವ, ಬಿರುಕು ಕಲೆ ಇಲ್ಲದ ಸಹಜ ಅಭ್ರಕವೇ ಬೇಕು.

ಅದು ಸಾಮಾನ್ಯವಾಗಿ ಬೇಕಾದ್ದಕ್ಕಿಂತ ದಪ್ಪ ಇರುತ್ತದೆ. ಅದನ್ನು ಬಿಡಿಸಬೇಕು. ಹೊಲಿಗೆ ಸೂಜಿಯ ಮೊನೆಯನ್ನು ಅಂಚಿನ ಮಧ್ಯಕ್ಕೆ ಹಗುರವಾಗಿ ಚುಚ್ಚಿ. ಪದರದ ನಡುವೆ ಗಾಳಿ ಹೊಕ್ಕ ಕೂಡಲೇ ಅಲ್ಲಿ ಬೆಳ್ಳಿ ಬಣ್ಣದ ಒಂದು ಮಚ್ಚೆ ಕಾಣುತ್ತದೆ. ಸೂಜಿಯನ್ನು ಮುಂದಕ್ಕೆ ತಳ್ಳದೆ ಅಂಚಿನ ಸುತ್ತ ಸ್ವಲ್ಪ ಸ್ವಲ್ಪವೇ ಸರಿಸಿ. ಮಚ್ಚೆ ಒಳಕ್ಕೆ ಹರಡುತ್ತ ಹೋಗುತ್ತದೆ, ಆಮೇಲೆ ಎರಡು ಹಾಳೆ ತಾವಾಗಿಯೇ ಬೇರೆಯಾಗುತ್ತವೆ. ಒಂದು ಹನಿ ನೀರನ್ನು ಆ ಸೀಳಿಗೆ ಬಿಟ್ಟರೆ ಇನ್ನೂ ಸಲೀಸು. ಇಲ್ಲಿ ಅವಸರ ಮಾಡಿದರೆ ಪದರ ಅರ್ಧದಲ್ಲಿ ಮೆಟ್ಟಿಲು ಕಟ್ಟಿಕೊಳ್ಳುತ್ತದೆ, ಒಂದು ಕಡೆ ದಪ್ಪ ಒಂದು ಕಡೆ ತೆಳು. ಅಂಥ ಹಾಳೆಯನ್ನು ಪಕ್ಕಕ್ಕಿಡಿ.

ದಪ್ಪ ಸುಮಾರು 0.2 ಮಿಲಿಮೀಟರ್ ಇರಲಿ. ಸ್ಕ್ರೂ ಗೇಜ್ ಇಲ್ಲದಿದ್ದರೆ ಪ್ರಿಂಟರಿಗೆ ಹಾಕುವ ಎರಡು ಕಾಗದ ಜೋಡಿಸಿದಷ್ಟು ದಪ್ಪ ಅಂದುಕೊಳ್ಳಿ. ಇದಕ್ಕಿಂತ ದಪ್ಪ ಆದರೆ ಸದ್ದು ಮಂಕು, ಪ್ಲೇಟಿಗೂ ಹೊರೆ. ತೀರಾ ತೆಳು ಆದರೆ ಜೋರು ಸ್ವರ ಬಂದಾಗ ಹಾಳೆಯೇ ಮಡಚಿ ಒಡಕು ದನಿ ಬರುತ್ತದೆ.

ಎರಡು ರಟ್ಟಿನ ನಡುವೆ ಹಾಳೆಯನ್ನಿಟ್ಟು, 48 ಮಿಲಿಮೀಟರ್ ವ್ಯಾಸದ ವೃತ್ತ ಬರೆದು, ಹರಿತವಾದ ಕತ್ತರಿಯಿಂದ ರಟ್ಟಿನ ಸಮೇತ ಕತ್ತರಿಸಿ. ನಡುವಿನ ತೂತಿಗೆ ಡ್ರಿಲ್ ಬೇಡವೇ ಬೇಡ. ಮರದ ಮೇಲಿಟ್ಟು ದಪ್ಪ ಸೂಜಿಯನ್ನು ಬೆರಳಲ್ಲಿ ಹೊರಳಿಸುತ್ತ ಹೋದರೆ ತೂತು ತಾನಾಗಿ ಆಗುತ್ತದೆ. ಕನ್ನಡಕದ ಕಾಲಿಗೆ ಹಾಕುವ ಸ್ಕ್ರೂ ಹಿಡಿಯುವಷ್ಟು, ಅಂದರೆ 1.5 ಮಿಲಿಮೀಟರ್ ಸಾಕು.

ಮೈ, ರಬ್ಬರ್, ಕೀಲು

ಮೈಗೆ ಹಿತ್ತಾಳೆ ಸಿಕ್ಕಿದರೆ ಉತ್ತಮ. ಸಿಗದಿದ್ದರೆ ಬೀಟೆಯಂಥ ಗಟ್ಟಿ ಮರವನ್ನು ಲೇತಿನಲ್ಲಿ ಕಡೆಸಿ. ತ್ರೀಡಿ ಪ್ರಿಂಟ್ ಮಾಡುವವರೂ ಇದ್ದಾರೆ, ಆದರೆ ಪ್ಲಾಸ್ಟಿಕ್ ಮೈ ಹಗುರ ಆಗುತ್ತದೆ. ಅದು ಯಾಕೆ ತೊಂದರೆ ಅಂದರೆ, ಗೀರು ಮುಳ್ಳನ್ನು ತಳ್ಳುವಾಗ ಸನ್ನೆ ಮಾತ್ರ ಆಡಬೇಕು, ಮೈ ಅಲುಗದೆ ನಿಲ್ಲಬೇಕು. ಹಗುರವಾದ ಮೈ ಸನ್ನೆಯ ಜೊತೆಗೇ ತೊನೆಯುತ್ತದೆ, ತಗ್ಗಿನ ಸ್ವರಗಳು ಮಾಯ. ಪ್ಲಾಸ್ಟಿಕ್ಕೇ ಮಾಡುವುದಾದರೆ ಸುತ್ತ ಒಂದು ಹಿತ್ತಾಳೆಯ ಬಳೆ ಹಾಕಿ ತೂಕ ಕೊಡಿ.

ಅಳತೆ ಹೀಗಿರಲಿ: ಹೊರ ವ್ಯಾಸ 60, ಡಯಾಫ್ರಮ್ ಕೂರುವ ಗುಳಿ 50 ಮಿಲಿಮೀಟರ್. 48 ರ ಅಭ್ರಕಕ್ಕೆ ಸುತ್ತ ಒಂದೊಂದು ಮಿಲಿಮೀಟರ್ ಬಿಡುವು ಸಿಗುತ್ತದೆ. ಅದರ ಅಂಚು ಯಾವತ್ತೂ ಮೈಗೆ ತಾಗಬಾರದು. ಮುಂದುಗಡೆ ಕಿರಿದಾದ ಒಂದು ತುಟಿ, ಹಿಂದುಗಡೆ ಮೂರು ಸ್ಕ್ರೂಗಳಿಂದ ಕೂರುವ ಮುಚ್ಚಳ. ಮುಚ್ಚಳದ ನಡುವೆ ನಿಮ್ಮ ಟೋನ್‌ಆರ್ಮಿನ ಒಳ ವ್ಯಾಸದಷ್ಟೇ ತೂತು. ಈ ಅಳತೆ ಯಂತ್ರದಿಂದ ಯಂತ್ರಕ್ಕೆ ಬೇರೆ, ನಿಮ್ಮದನ್ನು ಅಳೆದೇ ಕೊರೆಸಿ.

ಡಯಾಫ್ರಮ್ಮಿಗೂ ಮುಚ್ಚಳಕ್ಕೂ ನಡುವಿನ ಸಂದು ಕಡಿಮೆ ಇರಬೇಕು. ಒಂದೂವರೆ, ಎರಡು ಮಿಲಿಮೀಟರ್ ಸಾಕು. ಸಂದು ಜಾಸ್ತಿಯಾದರೆ ಡಯಾಫ್ರಮ್ ತಳ್ಳಿದ ಗಾಳಿ ತೂತಿಗೆ ಹೋಗುವ ಬದಲು ಅಲ್ಲೇ ಕುಗ್ಗಿ ಹಿಗ್ಗುತ್ತ ಉಳಿಯುತ್ತದೆ. ಮೊದಲು ಕಳೆದುಹೋಗುವುದು ಮೇಲಿನ ಸ್ವರಗಳು, ಸ ಶ ಅಕ್ಷರಗಳು ಬಿಡಿಯಾಗಿ ಕೇಳುವುದೇ ಇಲ್ಲ.

ಈಗ ರಬ್ಬರ್. ಅಭ್ರಕದ ಅಂಚನ್ನು ಎರಡೂ ಕಡೆಯಿಂದ ಹಿಡಿಯುವುದು ರಬ್ಬರಿನ ಎರಡು ಉಂಗುರ. ಹಳೆಯ ಕಾಲದಲ್ಲೂ ಇವು ಟೊಳ್ಳು ರಬ್ಬರ್ ನಳಿಗೆಯವೇ. ಇದಕ್ಕೆ ಸೈಕಲ್ ಶಾಪಿನ ವಾಲ್ವ್ ಟ್ಯೂಬ್ ಸೊಗಸಾಗಿ ಹೊಂದುತ್ತದೆ. ಮೆತ್ತಗಿರುತ್ತದೆ, ಟೊಳ್ಳಾಗಿರುತ್ತದೆ, ಬೆಲೆಯೂ ಕಮ್ಮಿ. ಗುಳಿಯ ಸುತ್ತಳತೆಗೆ ಸರಿಯಾಗಿ ಬ್ಲೇಡಿನಿಂದ ನೇರಕ್ಕೆ ಕತ್ತರಿಸಿ. ಎರಡು ತುದಿ ಒಂದಕ್ಕೊಂದು ಮುತ್ತಿಡಬೇಕು, ನಡುವೆ ಸಂದು ಇರಬಾರದು, ಒಂದರ ಮೇಲೊಂದು ಏರಲೂಬಾರದು. ಎಳೆದು ಕೂರಿಸಬೇಡಿ, ಆಮೇಲೆ ಕುಗ್ಗಿ ಸಂದು ಬಿಡುತ್ತದೆ. ಮುಂದಿನ ಉಂಗುರದ ಸೇರುವೆ ಒಂದು ಕಡೆ ಬಂದರೆ ಹಿಂದಿನದರದ್ದು ಅದರ ಎದುರು ಕಡೆ ಬರಲಿ.

ಮುಚ್ಚಳದ ಸ್ಕ್ರೂ ಬಿಗಿಯುವಾಗ ಕೈ ತಡೆಯಿರಿ. ರಬ್ಬರು ಅಭ್ರಕವನ್ನು ಸುತ್ತಲೂ ಮುಟ್ಟಿದರೆ ಸಾಕು, ಒತ್ತಿ ಹಿಡಿಯಬಾರದು. ಅಂಚನ್ನು ಒತ್ತಿ ಹಿಡಿದರೆ ನಡುಭಾಗ ಮಾತ್ರ ಬಗ್ಗುತ್ತದೆ. ಬಿಡುವಾಗಿ ಹಿಡಿದರೆ ಇಡೀ ಹಾಳೆ ಒಂದಾಗಿ ಮುಂದೆ ಹಿಂದೆ ಚಲಿಸುತ್ತದೆ, ಜಾಸ್ತಿ ಗಾಳಿ ತಳ್ಳುತ್ತದೆ. ಕೀರಲು ದನಿಯ ಎಷ್ಟೋ ಸೌಂಡ್‌ಬಾಕ್ಸುಗಳು ಮೂರು ಸ್ಕ್ರೂಗಳನ್ನು ಅರ್ಧ ಸುತ್ತು ಸಡಿಲಿಸಿದರೆ ತಕ್ಷಣ ಸುಧಾರಿಸುತ್ತವೆ.

ಸನ್ನೆಯ ಕೆಳಭಾಗಕ್ಕೆ 5 ಮಿಲಿಮೀಟರಿನ ಹಿತ್ತಾಳೆ ಸರಳು. ಅದರ ತುದಿಯಲ್ಲಿ ಮುಳ್ಳು ಕೂರುವ ತೂತು, ಪಕ್ಕದಿಂದ ಮುಳ್ಳನ್ನು ಹಿಡಿಯುವ ಪುಟ್ಟ ಸ್ಕ್ರೂ. ಮೇಲ್ಭಾಗಕ್ಕೆ ಸೈಕಲ್ ಕಡ್ಡಿ, ಅಂದರೆ ಸ್ಪೋಕು. ಅದನ್ನು ಬಡಿದು ಚಪ್ಪಟೆ ಮಾಡಿ, ತುದಿಯನ್ನು ಸಣ್ಣ ಪಾದದ ಹಾಗೆ ಬಗ್ಗಿಸಿ, ಅದರಲ್ಲೊಂದು ತೂತು ತೆಗೆದು, ಹಿತ್ತಾಳೆಗೆ ಬೆಸುಗೆ ಹಾಕಿ. ಚಪ್ಪಟೆ ಮಾಡುವಾಗ ಅಗಲದ ಬದಿ ಡಯಾಫ್ರಮ್ಮಿಗೆ ಲಂಬವಾಗಿ ನಿಲ್ಲಬೇಕು. ಹಾಗೆ ನಿಂತರೆ ಕಡ್ಡಿ ತಳ್ಳುವ ದಿಕ್ಕಿನಲ್ಲಿ ಬಗ್ಗುವುದಿಲ್ಲ. ಕೀಲಿನಿಂದ ದೂರ ಹೋದಂತೆಲ್ಲ ಪ್ರತಿಯೊಂದು ಮಿಲಿಗ್ರಾಮಿನ ಹೊರೆಯೂ ಹೆಚ್ಚುತ್ತದೆ. ಅದಕ್ಕೆ ಪಾದದ ಕಡೆ ಅರದಿಂದ ಉಜ್ಜಿ ಆದಷ್ಟು ಸಣ್ಣಗೆ ಮಾಡಿ.

ಕೀಲಿನಿಂದ ಡಯಾಫ್ರಮ್ಮಿನ ನಡುವಿಗೆ 27, ಕೀಲಿನಿಂದ ಮುಳ್ಳಿನ ತುದಿಗೆ 20 ಮಿಲಿಮೀಟರ್ ಇಟ್ಟರೆ ಮುಳ್ಳಿನ ಚಲನೆಗೆ ಮೂರನೇ ಒಂದು ಭಾಗ ಸೇರಿ ಡಯಾಫ್ರಮ್ಮಿಗೆ ಸಿಗುತ್ತದೆ. ಮೇಲಿನ ತೋಳನ್ನು ಇನ್ನೂ ಉದ್ದ ಮಾಡಿದರೆ ಸದ್ದು ಜೋರಾಗುವುದು ನಿಜ. ಆದರೆ ಶಕ್ತಿ ಅಷ್ಟೇ ಇದೆಯಲ್ಲ, ಮುಳ್ಳಿನ ತುದಿ ಎಳೆಯಬೇಕಾದ ಹೊರೆಯೂ ಏರುತ್ತದೆ. ಜೋರಿನ ಆಸೆಗೆ ಪ್ಲೇಟನ್ನು ಸವೆಸುವುದು ನನಗೆ ಒಪ್ಪಿಗೆಯಿಲ್ಲ.

ಕೀಲಿಗೆ ಹಲವು ದಾರಿ. ಎಕ್ಸಿಬಿಷನ್ನಿನಲ್ಲಿ ಚೂಪು ಅಂಚಿನ ಮೇಲೆ ಸನ್ನೆಯನ್ನು ಕೂರಿಸಿ ಎರಡು ಸ್ಪ್ರಿಂಗುಗಳಿಂದ ಹಿಡಿದಿರುತ್ತಾರೆ. ಮನೆಯಲ್ಲಿ ಮಾಡೋಕೆ ಸುಲಭ ಅಂದರೆ ಎರಡು ಮೊನೆಯ ಸ್ಕ್ರೂ. ಸನ್ನೆಗೆ ಒಂದು ಅಡ್ಡ ಸರಳು ಬೆಸೆದು, ಅದರ ಎರಡೂ ತುದಿಯಲ್ಲಿ ಸಣ್ಣ ಕುಳಿ ಕೊರೆದು, ಆಚೀಚೆಯಿಂದ ಮೊನೆಯ ಸ್ಕ್ರೂ ತಂದು ನಿಲ್ಲಿಸುವುದು. ಪ್ರತಿ ಸ್ಕ್ರೂಗೂ ಬಿಗಿಯುವ ನಟ್ಟು ಇರಲಿ, ಕುಳಿಯಲ್ಲಿ ಒಂದು ಚೂರು ಗ್ರೀಸು. ಡಯಾಫ್ರಮ್ಮಿಗೆ ಸೇರಿಸುವ ಮೊದಲೇ ಪರೀಕ್ಷೆ ಮಾಡಿ. ಮೈಯನ್ನು ಓರೆ ಮಾಡಿದರೆ ಸನ್ನೆ ತನ್ನ ತೂಕಕ್ಕೆ ತಾನೇ ವಾಲಬೇಕು. ಅದೇ ಸನ್ನೆಯನ್ನು ಬೆರಳಲ್ಲಿ ಹಿಡಿದು ಉದ್ದಕ್ಕೂ ಅಡ್ಡಕ್ಕೂ ಅಲ್ಲಾಡಿಸಿದರೆ ಟಿಕ್ ಅನ್ನುವ ಸದ್ದು ಬರಬಾರದು. ಎರಡೂ ಒಟ್ಟಿಗೆ ಸಿಗುವ ಜಾಗ ತೀರಾ ಕಿರಿದು, ಸ್ಕ್ರೂವಿನ ಸುತ್ತಿನಲ್ಲಿ ಒಂದು ಸಣ್ಣ ಪಾಲು. ಅದು ಸಿಗುವವರೆಗೆ ತಾಳ್ಮೆ ಬೇಕು.

ನಡುವಿನ ಬೆಸುಗೆ

ಇಡೀ ಕೆಲಸದಲ್ಲಿ ಅತಿ ಸೂಕ್ಷ್ಮವಾದ ಗಳಿಗೆ ಇದು. ಸನ್ನೆಯ ಪಾದ ಅಭ್ರಕದ ನಡುವನ್ನು ತಳ್ಳಲೂಬಾರದು, ಎಳೆಯಲೂಬಾರದು. ಸುಮ್ನೆ ಮುಟ್ಟಿ ನಿಂತಿರಬೇಕು. ಪಾದಕ್ಕೂ ಅಭ್ರಕಕ್ಕೂ ಸಂದಿದ್ದು, ಸ್ಕ್ರೂ ಬಿಗಿದು ಅವೆರಡನ್ನೂ ಸೇರಿಸಿದಿರಿ ಅಂದುಕೊಳ್ಳಿ. ಹಾಳೆ ಯಾವಾಗಲೂ ಒಂದು ಕಡೆಗೆ ಬಗ್ಗಿಯೇ ಇರುತ್ತದೆ. ಒಂದು ದಿಕ್ಕಿಗೆ ಸಲೀಸಾಗಿ, ಇನ್ನೊಂದಕ್ಕೆ ಬಿಗಿಯಾಗಿ ಆಡುತ್ತದೆ. ಹಾಡು ಕರಕರ ಅನ್ನುತ್ತದೆ, ಕೊನೆಗೊಂದು ದಿನ ಅಭ್ರಕ ತೂತಿನ ಸುತ್ತ ಸೀಳುತ್ತದೆ.

ಇದನ್ನು ನೋಡುವುದು ಹೀಗೆ. ಸ್ಕ್ರೂ ಹಾಕದೆ ಪಾದವನ್ನು ಹಾಳೆಯ ಮುಂದೆ ನಿಲ್ಲಿಸಿ, ಪಕ್ಕದಿಂದ ಬೆಳಕು ಬಿಡಿ. ಅಭ್ರಕದಲ್ಲಿ ಪಾದದ ಪ್ರತಿಬಿಂಬ ಕಾಣುತ್ತದೆ. ಪಾದ ಮತ್ತು ಬಿಂಬ ಒಂದನ್ನೊಂದು ಮುಟ್ಟುವಂತೆ ಕಡ್ಡಿಯನ್ನು ಇಕ್ಕಳದಿಂದ ಸ್ವಲ್ಪ ಸ್ವಲ್ಪವೇ ಬಗ್ಗಿಸಿ. ಆಮೇಲೆ ಕನ್ನಡಕದ ಸ್ಕ್ರೂ, ಎರಡೂ ಕಡೆ ತೆಳು ವಾಷರ್, ಹಿಂದೆ ನಟ್ಟು. ಬೆರಳ ತುದಿಯ ಬಲ ಸಾಕು.

ಕೊನೆಗೆ ಜೇನುಮೇಣ. ಬೆಸುಗೆ ಕಡ್ಡಿಯ ತುದಿ ಬಿಸಿ ಮಾಡಿ, ಒಂದು ಸಾಸಿವೆ ಕಾಳಿನಷ್ಟು ಮೇಣವನ್ನು ಸ್ಕ್ರೂವಿನ ತಲೆಗೆ ಮುಟ್ಟಿಸಿದರೆ ಅದು ಕರಗಿ ವಾಷರಿನ ಸುತ್ತ ಓಡಿ, ತಣ್ಣಗಾಗುತ್ತ ಮಂಕು ಹಳದಿಗೆ ತಿರುಗುತ್ತದೆ. ಹಿಂದುಗಡೆಗೂ ಅಷ್ಟೇ. ತೂತಿನಿಂದ ಗಾಳಿ ಸೋರದಂತೆ ತಡೆಯುವುದೂ ಈ ಮೇಣವೇ, ಸ್ಕ್ರೂ ಗುಂಯ್‌ಗುಡದಂತೆ ಹಿಡಿಯುವುದೂ ಇದೇ. ಫೆವಿಕ್ವಿಕ್‌ನಂಥ ಅಂಟು ಇಲ್ಲಿ ಹಾಕಬೇಡಿ. ಮೇಣವಾದರೆ ನಾಳೆ ಬಿಚ್ಚಬಹುದು, ಅಂಟಾದರೆ ಅಭ್ರಕವನ್ನು ಒಡೆದೇ ತೆಗೆಯಬೇಕು. ಒಂದು ಎಚ್ಚರ: ಜೇನುಮೇಣ 62 ರಿಂದ 64 ಡಿಗ್ರಿಗೆ ಕರಗುತ್ತದೆ. ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಕಾರಿನೊಳಗೆ ಸೌಂಡ್‌ಬಾಕ್ಸ್ ಬಿಟ್ಟು ಹೋಗಬೇಡಿ.

ಮುಚ್ಚಳ ಹಾಕಿದ ಮೇಲೆ ಹಿಂದಿನ ತೂತಿಗೆ ತುಟಿ ಇಟ್ಟು ಮೆಲ್ಲಗೆ ಗಾಳಿ ಎಳೆದು, ನಾಲಿಗೆಯಿಂದ ತೂತು ಮುಚ್ಚಿ. ನಾಲಿಗೆ ಸ್ವಲ್ಪ ಹೊತ್ತು ಅಂಟಿಕೊಂಡು ನಿಂತರೆ ಒಳಗೆ ಸೋರಿಕೆ ಇಲ್ಲ. ಕೂಡಲೇ ಬಿಟ್ಟುಕೊಂಡರೆ ರಬ್ಬರಿನ ಸೇರುವೆ ನೋಡಿ, ಆಮೇಲೆ ನಡುವಿನ ಮೇಣ ನೋಡಿ. ಜೋರಾಗಿ ಎಳೆಯಬೇಡಿ, ಅಭ್ರಕ ತಡೆಯುವುದಿಲ್ಲ.

ಟೋನ್‌ಆರ್ಮಿಗೆ ಕೂರಿಸುವ ಜಾಗದಲ್ಲೂ ದಪ್ಪನೆಯ ರಬ್ಬರಿನ ಒಂದು ಉಂಗುರ ಬೇಕು. ಲೋಹಕ್ಕೆ ಲೋಹ ತಾಗಿದರೆ ಮುಳ್ಳಿನ ಅದುರು ಟೋನ್‌ಆರ್ಮಿಗೆ ಹತ್ತಿ, ಹಾಡಿನ ಜೊತೆ ಕಬ್ಬಿಣದ ಸದ್ದೂ ಕೇಳುತ್ತದೆ.

ಪ್ಲೇಟಿನ ಮೇಲೆ ಇಡುವ ಮೊದಲು

ಅಡುಗೆ ಮನೆಯ ಸಣ್ಣ ಡಿಜಿಟಲ್ ತಕ್ಕಡಿಯನ್ನು ಪ್ಲೇಟಿನ ಮಟ್ಟಕ್ಕೆ ಬರುವಂತೆ ಇಟ್ಟು, ಅದರ ಮೇಲೆ ಮುಳ್ಳಿಳಿಸಿ. 100 ರಿಂದ 150 ಗ್ರಾಂ ಒಳಗಿದ್ದರೆ ಆ ಕಾಲದ ಯಂತ್ರಗಳಿಗೆ ಸಮ. ಎಲ್‌ಪಿ ಪ್ಲೇಯರಿನ ಮುಳ್ಳು ಕೂರುವುದು ಎರಡು ಮೂರು ಗ್ರಾಂ ಭಾರದಲ್ಲಿ. ಹಾಗಾಗಿ ಎಲ್‌ಪಿ, 45 ರ ವಿನೈಲ್ ಪ್ಲೇಟುಗಳನ್ನು ಈ ಯಂತ್ರಕ್ಕೆ ಯಾವತ್ತೂ ಹಾಕಬಾರದು, ಒಂದೇ ಸುತ್ತಿಗೆ ಗೀರು ಹಾಳು. ಮುಳ್ಳು ಪ್ಲೇಟಿಗೆ ಸುಮಾರು 60 ಡಿಗ್ರಿ ಓರೆಯಲ್ಲಿ, ಪ್ಲೇಟು ತಿರುಗುವ ದಿಕ್ಕಿಗೆ ಬೆನ್ನು ಮಾಡಿ ಎಳೆದುಕೊಂಡು ಹೋಗುವಂತೆ ನಿಲ್ಲಲಿ.

ಉಕ್ಕಿನ ಮುಳ್ಳು ಒಂದು ಮಗ್ಗುಲಿಗೆ ಒಂದು. ಮೂರು ನಿಮಿಷದ ಹಾಡು ಮುಗಿದ ಮೇಲೆ ಎಸೆಯಬೇಕು. ಪ್ಲೇಟಿನ ಅರಗಿನಲ್ಲಿ ಕಲ್ಲಿನ ಪುಡಿ ಬೆರೆಸಿರುತ್ತಾರೆ. ಅದು ಮೊದಲ ಕೆಲವು ಸುತ್ತುಗಳಲ್ಲೇ ಮುಳ್ಳಿನ ಮೊನೆಯನ್ನು ಗೀರಿನ ಆಕಾರಕ್ಕೆ ಉಜ್ಜಿ ಕೂರಿಸುತ್ತದೆ. ಹಾಡು ಮುಗಿಯುವ ಹೊತ್ತಿಗೆ ಮೊನೆಯ ಎರಡೂ ಬದಿ ಉಳಿಯ ಹಾಗೆ ಹರಿತ. ಅದನ್ನೇ ಇನ್ನೊಂದು ಪ್ಲೇಟಿಗೆ ಇಳಿಸಿದರೆ ಕೊರೆಯುತ್ತದೆ. ಹಳೆಯ ಪ್ಲೇಟುಗಳ ಮೇಲೆ ಬೂದುಬಣ್ಣಕ್ಕೆ ತಿರುಗಿದ ಗೀರುಗಳು ಕಾಣುತ್ತವಲ್ಲ, ಸವೆದ ಮುಳ್ಳು ಮತ್ತೆ ಮತ್ತೆ ಓಡಿದ ಗುರುತು ಅದು. ಬೆಲೆಬಾಳುವ ಪ್ಲೇಟುಗಳಿಗೆ ಬಿದಿರಿನ ಮುಳ್ಳು ಮಾಡಿಕೊಳ್ಳಬಹುದು. ಬಿದಿರಿನ ಹೊರಮೈಯ ಗಟ್ಟಿ ಸೀಳನ್ನು ಮುಳ್ಳಿನ ತೂತಿಗೆ ಸರಿಯಾಗಿ ಹೆರೆದು, ತುದಿಯನ್ನು ಓರೆಗೆ ಕತ್ತರಿಸಿದರೆ ಆಯಿತು. ಸದ್ದು ಮೆದು, ಜೋರು ಕಡಿಮೆ, ಗೀರಿಗೆ ಹಿತ.

ಮೊದಲ ಪರೀಕ್ಷೆಗೆ ಬಿರುಕು ಬಿಟ್ಟ, ಸಂತೆಯಲ್ಲಿ ಸಿಗುವ ಯಾವುದಾದರೂ ಸಾಧಾರಣ ಪ್ಲೇಟು ಇರಲಿ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಅಮೀರ್‌ಬಾಯಿ ಕರ್ನಾಟಕಿ ಇವರ ಎಳವೆಯ ದನಿ ಉಳಿದಿರುವುದು ಇಂಥ 78 ರ ಪ್ಲೇಟುಗಳಲ್ಲಿ. ನಿಮ್ಮ ಮನೆಯಲ್ಲಿ ಅಂಥದ್ದಿದ್ದರೆ ಸೌಂಡ್‌ಬಾಕ್ಸು ಪೂರ್ತಿ ಪಳಗುವವರೆಗೆ ಅದನ್ನು ಕವರಿನಿಂದ ತೆಗೆಯಲೇಬೇಡಿ.

ಸದ್ದು ಕೇಳಿಯೇ ತಪ್ಪು ಎಲ್ಲಿದೆ ಅಂತ ಹೇಳಬಹುದು. ಒಂದೇ ಒಂದು ಸ್ವರ ಬಂದಾಗ ಮಾತ್ರ ಗುಂಯ್ ಅಂದರೆ ಎಲ್ಲೋ ಒಂದು ಸ್ಕ್ರೂ ಸಡಿಲ, ಇಲ್ಲವೇ ಮೇಣ ಬಿಟ್ಟಿದೆ. ಜೋರು ಸ್ವರಗಳೆಲ್ಲ ಒಡೆದರೆ ಕೀಲು ನೋಡಿ. ಹಾಡು ದೂರದಿಂದ ಬಂದ ಹಾಗೆ ಬಡಕಲಾಗಿದ್ದರೆ ಗಾಳಿ ಸೋರುತ್ತಿದೆ. ಕಿವಿಗೆ ಚುಚ್ಚಿದರೆ ರಬ್ಬರು ಬಿಗಿಯಾಗಿದೆ, ಮುಚ್ಚಳ ಸಡಿಲಿಸಿ. ಪ್ಲೇಟಿನ ಮೇಲೆ ಮುಳ್ಳು ಹೋದ ದಾರಿಯಲ್ಲಿ ಕಪ್ಪು ಪುಡಿ ಕಂಡರೆ ಮಾತ್ರ ಅಲ್ಲಿಗೇ ನಿಲ್ಲಿಸಿ. ಸನ್ನೆ ಎಲ್ಲೋ ಹಿಡಿದುಕೊಂಡಿದೆ. ಮೊನೆಯ ಸ್ಕ್ರೂಗಳಿಂದ ಶುರು ಮಾಡಿ, ನಡುವಿನ ಪಾದದವರೆಗೆ ಎಲ್ಲವನ್ನೂ ಮತ್ತೊಮ್ಮೆ ನೋಡಿದ ಮೇಲೆಯೇ ಇನ್ನೊಂದು ಮುಳ್ಳು ಹಾಕಿ.